ನಾಯಿಮರಿಗೆ ವಿಷ ಹಾಕಿದ್ದು ಯಾರು?

ನಮ್ಮ ಮನೆಗೂ ಕೆಳಗಿನ ಮನೆ ಭಾವನ ತೋಟಕ್ಕೂ ನಡುವೆ ಒಂದು ತೋಡು. ದಾಟಲಿಕ್ಕೆ ಅಡಿಕೆ ಮರದ ಸಂಕ. ಎರಡು ವರ್ಷ ಕಾಲ ನಮ್ಮ ಮನೆಯವರು ಆ ಸಂಕ ದಾಟಲಿಲ್ಲ, ಅವರೂ ಇತ್ತ ಬರಲಿಲ್ಲ. ಜಾಗದ ತಕರಾರಲ್ಲ, ನೀರಿನ ಜಗಳವೂ ಅಲ್ಲ. ಕಾರಣ ಎರಡು ನಾಯಿಮರಿಗಳು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪನ್ನು ಇನ್ನೊಬ್ಬರು ಮಾಡುವುದು ಬೇಡ ಎಂಬುದು ಒಂದು ಕಾರಣ. ನಾಯಿಮರಿಯಿಂದ ಕಲಿತದ್ದು ಹಟ್ಟಿಯ ದನಕ್ಕೂ ಆಡಿಗೂ ಉಪಯೋಗಕ್ಕೆ ಬರುವಂಥದ್ದು ಎಂಬುದು ಇನ್ನೊಂದು.

ರಾಣಿಯ ಸಂಸಾರ

ನಮ್ಮದು ಎರಡೂವರೆ ಎಕ್ರೆ ಅಡಿಕೆ, ನಡುವೆ ಬಾಳೆ, ಮೇಲೆ ಗುಡ್ಡದಲ್ಲಿ ಗೇರು. ಹಗಲು ಮಂಗ, ರಾತ್ರಿ ಹಂದಿ. ನಾಯಿ ಇಲ್ಲದೆ ತೋಟ ಉಳಿಯುವುದಿಲ್ಲ. 2014ರಲ್ಲಿ ಪರಿಚಯದವರ ಮನೆಯಿಂದ ಒಂದು ಹೆಣ್ಣುಮರಿ ತಂದೆ. ಆಲ್ಸೇಶಿಯನ್ ಬೆರಕೆ, ಕಿವಿ ನಿಮಿರಿದ್ದು. ರಾಣಿ ಅಂತ ಹೆಸರು. ಮಂಗ ಬಂದರೆ ಮರದ ಬುಡದಲ್ಲಿ ನಿಂತು ಅದು ಇಳಿಯದಂತೆ ಕಾಯುತ್ತಿತ್ತು. ಅಷ್ಟು ಚುರುಕು.

2015ರಲ್ಲಿ ರಾಣಿ ಮೊದಲ ಸಲ ಮರಿ ಹಾಕಿತು. ಯಾವ ನಾಯಿಯಿಂದ ಅಂತ ಗೊತ್ತಿಲ್ಲ. ಎಲ್ಲ ಮರಿಗಳೂ ಗಟ್ಟಿಮುಟ್ಟು. ಅದರಲ್ಲಿ ಒಂದು ಕಪ್ಪು ಗಂಡುಮರಿಯನ್ನು ಕೆಳಗಿನ ಮನೆ ಭಾವ ತೆಗೆದುಕೊಂಡು ಹೋದರು. ಅವರು ಅದನ್ನು ಕಾಳು ಅಂತ ಕರೆದರು.

2017ರಲ್ಲಿ ಎರಡನೇ ಸೂಲು. ಆರು ಮರಿ. ಎರಡು ತಿಂಗಳ ತನಕ ಆರೂ ಒಂದೇ ಹಾಗೆ ಇದ್ದವು. ಆಮೇಲೆ ಎರಡು ಮರಿ ಹಿಂದೆ ಬಿದ್ದವು. ಉಳಿದವು ಅಂಗಳವಿಡೀ ಓಡುವಾಗ ಈ ಎರಡು ಕುಳಿತಲ್ಲೇ. ಎದ್ದರೆ ಹಿಂಗಾಲು ಅಗಲ ಆಗಿ ಜಾರುವುದು. ಮೂರೂವರೆ ತಿಂಗಳಿಗೆ ಒಂದು ಮರಿ ಸೊಂಟ ಎಳೆದುಕೊಂಡು ಹೋಗಲಿಕ್ಕೆ ಶುರು ಮಾಡಿತು. ಒಂದು ದಿನ ಬೆಳಗ್ಗೆ ನೋಡಿದರೆ ತೋಡಿನ ಬದಿಯಲ್ಲಿ, ಭಾವನ ಗಡಿಯಲ್ಲಿ, ಸತ್ತುಬಿದ್ದಿತ್ತು. ಹತ್ತು ದಿನದಲ್ಲಿ ಇನ್ನೊಂದೂ ಹೋಯಿತು.

ಆ ವರ್ಷ ಹಂದಿ ಕಾಟ ಜೋರು. ಯಾರೋ ಹಂದಿಗೆ ವಿಷ ಇಟ್ಟಿದ್ದಾರೆ ಅಂತ ಊರಲ್ಲಿ ಸುದ್ದಿ ಇತ್ತು. ಭಾವ ಅದಕ್ಕೆ ಮೊದಲು ಒಮ್ಮೆ, “ನಿಮ್ಮ ಮರಿಗಳು ನನ್ನ ಬಸಳೆ ಚಪ್ಪರದ ಬುಡ ಎಲ್ಲ ಅಗೆದು ಹಾಕಿದ್ದಾವೆ ಮಾರಾಯ್ರೆ” ಅಂದದ್ದೂ ನೆನಪಿತ್ತು. ಎರಡನ್ನೂ ಸೇರಿಸಿ ನಾನು ಲೆಕ್ಕ ಹಾಕಿದೆ. ಹಾಲಿನ ಸೊಸೈಟಿಯಲ್ಲಿ ಹತ್ತು ಜನರ ಎದುರು, “ನಾಯಿಮರಿಗೆ ವಿಷ ಇಡುವಷ್ಟು ಸಣ್ಣ ಮನಸ್ಸು ಇರಬಾರದು” ಅಂತ ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಭಾವ ಕ್ಯಾನ್ ಹಿಡಿದುಕೊಂಡು ಸುಮ್ಮನೆ ಹೊರಟು ಹೋದರು.

ಮತ್ತೆ ಅದೇ

ಮನುಷ್ಯರು ದಾಟದ ಸಂಕವನ್ನು ನಾಯಿ ದಾಟುತ್ತಿತ್ತು. 2019ರಲ್ಲಿ ರಾಣಿ ಪುನಃ ಐದು ಮರಿ ಹಾಕಿತು. ಈ ಸಲ ನಾನು ಜಾಗ್ರತೆ ಮಾಡಿದೆ. ಮರಿಗಳನ್ನು ಹಟ್ಟಿಯ ಪಕ್ಕ ಬಲೆ ಕಟ್ಟಿ ಕೂಡಿಹಾಕಿದೆ. ಹೊರಗೆ ಬಿಡಲೇ ಇಲ್ಲ. ತಿನ್ನಲಿಕ್ಕೆ ಮನೆಯ ಅನ್ನ, ಹಾಲು, ಮೊಟ್ಟೆ ಮಾತ್ರ.

ಮೂರು ತಿಂಗಳಿಗೆ ಒಂದು ಮರಿಯ ಹಿಂಗಾಲು ಜಾರಲಿಕ್ಕೆ ಶುರುವಾಯಿತು.

ನನ್ನ ಮನೆಯಾಕೆ ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ನೋಡಿ, “ಇದಕ್ಕೆ ವಿಷ ಹಾಕಿದ್ದು ಯಾರು? ನಾವಾ?” ಅಂತ ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಮರುದಿನ ಮರಿಯನ್ನು ಬುಟ್ಟಿಯಲ್ಲಿಟ್ಟು ಪಶು ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಕೇಳಿದ ಪ್ರಶ್ನೆ

ಆಗಷ್ಟೇ ಹೊಸ ಡಾಕ್ಟರಮ್ಮ ಬಂದಿದ್ದರು. ಮೊದಲು ಅವರು ಕೈಗೆ ಗ್ಲೌಸ್ ಹಾಕಿಕೊಂಡರು. “ಕಾಲು ಸೋತ ನಾಯಿ ಬಂದರೆ ಮೊದಲು ಹುಚ್ಚುನಾಯಿ ರೋಗದ ನೆನಪು ಇಟ್ಟುಕೊಳ್ಳಬೇಕು. ಬಾಯಿಗೆ ಬರಿಗೈ ಹಾಕಬಾರದು” ಅಂದರು. ಇದನ್ನು ನಾವೆಲ್ಲ ನೆನಪಿಡಬೇಕು. ರೇಬೀಸ್ ನಾಯಿ ಕಚ್ಚಲೇಬೇಕೆಂದಿಲ್ಲ, ಕಾಲು ಸೋತು ಜೊಲ್ಲು ಸುರಿಸಿಕೊಂಡು ಬಿದ್ದಿರಲೂಬಹುದು.

ಆಮೇಲೆ ಒಂದೊಂದಾಗಿ ಬಿಡಿಸಿದರು. ವಿಷವಾದರೆ, ಅದರಲ್ಲೂ ನಾವು ತೋಟಕ್ಕೆ ಹೊಡೆಯುವ ಕೀಟನಾಶಕದಂಥದ್ದಾದರೆ, ಗಂಟೆಗಳೊಳಗೆ ಗೊತ್ತಾಗುತ್ತದೆ. ಜೊಲ್ಲು, ವಾಂತಿ, ನಡುಕ, ಫಿಟ್ಸ್. ವಾರಗಟ್ಟಲೆ ಮೆಲ್ಲಮೆಲ್ಲ ಏರುವುದು ವಿಷದ ಲಕ್ಷಣ ಅಲ್ಲ. ಡಿಸ್ಟೆಂಪರ್ ಆದರೆ ಜ್ವರ, ಕಣ್ಣು ಮೂಗಿನಲ್ಲಿ ಕೀವು, ಕೆಮ್ಮು ಇರುತ್ತದೆ, ಆಮೇಲೆ ಸ್ನಾಯು ಎಳೆತ. ಬರೀ ಅನ್ನ ತಿಂದು ಬೆಳೆದ ಮರಿಗೆ ಸುಣ್ಣದ ಅಂಶ ಸಾಲದೆ ಎಲುಬು ಬಾಗುತ್ತದೆ. ಅದಾದರೆ ಆಹಾರ ಸರಿಮಾಡಿದಾಗ ಸುಧಾರಿಸಬೇಕು. ಪೆಟ್ಟು ಬಿದ್ದದ್ದಾದರೆ ಒಂದೇ ದಿನದಲ್ಲಿ ಕಾಲು ಹೋಗುತ್ತದೆ, ದಿನ ಹೋದ ಹಾಗೆ ಅಲ್ಲ.

ನಂತರ ಅವರು ಮರಿಯ ಮುಖ ಹಿಡಿದು ಬೆಳಕಿಗೆ ತಿರುಗಿಸಿದರು. ಅದರ ಒಡಹುಟ್ಟಿದ ಇನ್ನೊಂದು ಮರಿಯನ್ನೂ ತರಲು ಹೇಳಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನನಗೂ ಕಂಡಿತು. ಈ ಮರಿಯ ಮೂತಿ ಗಿಡ್ಡ, ಮುಖ ಅಗಲ. ಕಣ್ಣಿನ ಕರಿಗುಡ್ಡೆಯ ಮೇಲೆ ತೆಳು ಗಂಜಿ ತಿಳಿ ಎರೆದ ಹಾಗೆ ಮಬ್ಬು. ಕಾಲಿನ ಗಂಟುಗಳು ಸಡಿಲ. ದಿನಾ ನೋಡುವ ನಮಗೆ ಕಾಣದೇ ಹೋದದ್ದು ಅದು.

“ಇದರ ಅಪ್ಪ ಯಾರು?” ಅಂತ ಕೇಳಿದರು.

ನಾನು ನಕ್ಕೆ. “ಊರ ನಾಯಿಗೆ ಅಪ್ಪ ಯಾರೂಂತ ಕೇಳಿದ್ರೆ ಎಂತ ಹೇಳುದು ಮೇಡಂ?”

ಅವರು ನಗಲಿಲ್ಲ. “ಮನೆಗೆ ಹೋಗಿ ಕೇಳಿಕೊಂಡು ಬನ್ನಿ. ಅದು ಗೊತ್ತಾದರೆ ಅರ್ಧ ರೋಗ ಗೊತ್ತಾದ ಹಾಗೆ.”

ಮನೆಯಲ್ಲಿ ಕೇಳಿದರೆ ಉತ್ತರ ಸಿದ್ಧವೇ ಇತ್ತು. “ಎರಡು ಸಲವೂ ಕಾಳುವೇ. ಬೆದೆಗೆ ಬಂದಾಗ ರಾಣಿಯನ್ನು ಕಟ್ಟಿಹಾಕಿದ್ದೆವು. ಕೆಳಗಿನ ಮನೆ ಕಾಳು ಬಿಟ್ಟು ಬೇರೆ ನಾಯಿ ಅಂಗಳಕ್ಕೆ ಕಾಲಿಡಲಿಲ್ಲ. ಇಡಲಿಕ್ಕೆ ಅದು ಬಿಡಲೂ ಇಲ್ಲ.”

ಕಾಳು ಅಂದರೆ ರಾಣಿಯ ಮಗ.

ಗೊಬ್ಬರದ ಗುಂಡಿಯ ಲೆಕ್ಕ

ಡಾಕ್ಟರಮ್ಮ ಮೊದಲು ಇಂಗ್ಲಿಷ್ ಹೆಸರು ಹೇಳಿದರು. ಲೈಸೋಸೋಮಲ್ ಸ್ಟೋರೇಜ್ ಡಿಸೀಸ್. ನನ್ನ ಮುಖ ನೋಡಿ ಕಾಗದ ತೆಗೆದು ಚಿತ್ರ ಬರೆದರು. ನನಗೆ ಅರ್ಥವಾದದ್ದು ಹೀಗೆ.

ಮೈಯೆಲ್ಲ ಸಣ್ಣ ಸಣ್ಣ ಜೀವಕೋಶ. ಒಂದೊಂದು ಕೋಶವೂ ಒಂದೊಂದು ಮನೆ. ಪ್ರತಿ ಮನೆಯ ಹಿತ್ತಿಲಲ್ಲೂ ಗೊಬ್ಬರದ ಗುಂಡಿಗಳಿವೆ. ಅದೇ ಲೈಸೋಸೋಮ್. ಬೆಲ್ಜಿಯಂನ ವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ 1955ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು, 1974ರಲ್ಲಿ ನೊಬೆಲ್ ಬಂತು. ಮನೆಯ ಹಳೆ ಸಾಮಾನು, ಮುರಿದದ್ದು, ಕೊಳೆತದ್ದು ಎಲ್ಲ ಈ ಗುಂಡಿಗೆ ಬೀಳುತ್ತದೆ. ಅಲ್ಲಿ ಹತ್ತಾರು ಬಗೆಯ ಕಿಣ್ವಗಳು ಅದನ್ನು ಜೀರ್ಣಿಸಿ ಪುನಃ ಬಳಕೆಗೆ ಕೊಡುತ್ತವೆ. ನಮ್ಮ ಗುಂಡಿಯಲ್ಲಿ ಸೊಪ್ಪಿಗೆ ಒಂದು ಜೀವಿ, ಸೋಗೆಗೆ ಇನ್ನೊಂದು ಜೀವಿ ಕೆಲಸ ಮಾಡುವ ಹಾಗೆ ಒಂದೊಂದು ಪದಾರ್ಥಕ್ಕೆ ಒಂದೊಂದು ಕಿಣ್ವ.

ಹುಟ್ಟಿನಿಂದಲೇ ಒಂದು ಕಿಣ್ವ ಇಲ್ಲ ಅಂತ ಇಟ್ಟುಕೊಳ್ಳಿ. ಆ ಪದಾರ್ಥ ಕರಗುವುದಿಲ್ಲ. ದಿನಾ ಬೀಳುತ್ತಲೇ ಇರುತ್ತದೆ. ಗುಂಡಿ ತುಂಬುತ್ತದೆ, ಉಬ್ಬುತ್ತದೆ, ಕೊನೆಗೆ ಮನೆಯೇ ನಿಲ್ಲುವುದಿಲ್ಲ. ಹುಟ್ಟಿದಾಗ ಮರಿ ಚೆನ್ನಾಗಿದ್ದು ತಿಂಗಳುಗಳ ನಂತರ ಹಾಳಾಗುವುದು ಇದೇ ಕಾರಣಕ್ಕೆ. ತುಂಬಲಿಕ್ಕೆ ಸಮಯ ಬೇಕಲ್ಲ.

ಯಾವ ಕಿಣ್ವ ಇಲ್ಲವೋ ಅದರ ಮೇಲೆ ರೋಗದ ಹೆಸರು. ಇಂಥ ರೋಗಗಳು ಮನುಷ್ಯರಲ್ಲಿ ಐವತ್ತಕ್ಕೂ ಹೆಚ್ಚು ಇವೆ. ನಾಯಿಗಳಲ್ಲೂ ಹಲವು. ಕೆಲವು ಎಲುಬು, ಗಂಟು, ಕಣ್ಣು ಹಿಡಿಯುತ್ತವೆ. ಕೆಲವು ನೇರ ಮಿದುಳಿಗೇ. ಅವುಗಳಲ್ಲಿ ನಡಿಗೆ ತೂರಾಡುವುದು, ತಲೆ ನಡುಗುವುದು, ಕಲಿತದ್ದು ಮರೆಯುವುದು, ಕಣ್ಣು ಕುರುಡಾಗುವುದು. ಬಾರ್ಡರ್ ಕೋಲಿ ಎಂಬ ಕುರಿ ಕಾಯುವ ತಳಿಯಲ್ಲಿ ಹೀಗೆ ಮಿದುಳಿನ ಕೋಶಗಳಲ್ಲಿ ಕಸ ತುಂಬುವ ಒಂದು ರೋಗ ಇದೆ. ಒಂದೂವರೆ ವರ್ಷದ ತನಕ ಒಳ್ಳೆ ಕೆಲಸಗಾರ ನಾಯಿ, ಆಮೇಲೆ ಮನೆಯವರನ್ನೇ ಕಂಡು ಹೆದರುವುದು, ಮೆಟ್ಟಿಲು ಹತ್ತಲು ತಿಳಿಯದೆ ನಿಲ್ಲುವುದು.

ಪರೀಕ್ಷೆ ಒಂದೊಂದೇ ಮೆಟ್ಟಿಲು

“ಇದೊಂದು ಗುಮಾನಿ. ಗುಮಾನಿ ಬೇರೆ, ರುಜು ಬೇರೆ” ಅಂದರು ಡಾಕ್ಟರಮ್ಮ. ಸೊಸೈಟಿಯಲ್ಲಿ ನಾನು ಹೇಳಿದ ಮಾತು ಆಗ ನೆನಪಾಯಿತು.

ಮೊದಲನೆಯದು ರಕ್ತ. ಗಾಜಿನ ಮೇಲೆ ಹನಿ ರಕ್ತ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇಂಥ ಕೆಲವು ರೋಗಗಳಲ್ಲಿ ಬಿಳಿ ರಕ್ತಕಣದೊಳಗೆ ಖಾಲಿ ಗುಳ್ಳೆಯಂಥದ್ದೋ ಬಣ್ಣದ ಕಾಳಿನಂಥದ್ದೋ ಕಾಣುತ್ತದೆ. ನಮ್ಮ ಮರಿಯದ್ದರಲ್ಲಿ ಕಾಳುಗಳಿದ್ದವು. ಪಕ್ಕದಲ್ಲಿ ಗಟ್ಟಿ ಮರಿಯ ರಕ್ತವನ್ನೂ ಇಟ್ಟು ನನಗೆ ತೋರಿಸಿದರು. ಎರಡಕ್ಕೂ ಇದ್ದ ವ್ಯತ್ಯಾಸ ಓದು ಬಾರದವನಿಗೂ ತಿಳಿಯುವಂತಿತ್ತು.

ಎರಡನೆಯದು ಮೂತ್ರ. ಫಿಲ್ಟರ್ ಕಾಗದದ ಮೇಲೆ ಮರಿಯ ಮೂತ್ರದ ಹನಿ ಬಿಟ್ಟು ಒಣಗಿಸಿ, ಟೊಲುಯಿಡಿನ್ ಬ್ಲೂ ಎಂಬ ನೀಲಿ ಬಣ್ಣದಲ್ಲಿ ಅದ್ದಿ ತೊಳೆಯುವುದು. ಕರಗದೆ ಉಳಿದ ಒಂದು ಬಗೆಯ ಸಕ್ಕರೆ ಸರಪಳಿ ಮೂತ್ರದಲ್ಲಿ ಹೊರಗೆ ಹೋಗುತ್ತಿದ್ದರೆ ಹನಿ ಬಿದ್ದಲ್ಲಿ ನೇರಳೆ ಕಲೆ ನಿಲ್ಲುತ್ತದೆ. ನಮ್ಮ ಮರಿಯ ಹನಿ ನೇರಳೆ ಆಯಿತು. ಗಟ್ಟಿ ಮರಿಯದ್ದು ಆಗಲಿಲ್ಲ. ಆದರೆ ಈ ಪರೀಕ್ಷೆಯನ್ನೇ ಪೂರ್ತಿ ನಂಬಬಾರದಂತೆ. ತೀರ ಎಳೆ ಮರಿಗಳಲ್ಲಿ ರೋಗ ಇಲ್ಲದಿದ್ದರೂ ನೇರಳೆ ಬರಬಹುದು. ಮಿದುಳಿಗೆ ಮಾತ್ರ ಹಿಡಿಯುವ ಹಲವು ರೋಗಗಳಲ್ಲಿ ರೋಗ ಇದ್ದರೂ ನೇರಳೆ ಬರುವುದಿಲ್ಲ. ಅದಕ್ಕೇ ಗಟ್ಟಿ ಮರಿಯನ್ನು ಜೊತೆಗೆ ತರಲು ಹೇಳಿದ್ದು.

ಮೂರನೆಯದು ಎಕ್ಸ್‌ರೇ. ಪೇಟೆಗೆ ಹೋಗಿ ತೆಗೆಸಿದೆವು. ಬೆನ್ನುಮೂಳೆಯ ಮಣಿಗಳೂ ಗಂಟುಗಳ ತುದಿಗಳೂ ತುಂಡು ಮುರಿದ ಬೆಲ್ಲದ ಅಂಚಿನ ಹಾಗೆ ಅಂಕುಡೊಂಕು.

ಈ ಮೂರೂ ಸೇರಿದಾಗ ರೋಗದ ಮನೆತನ ಗೊತ್ತಾಯಿತು. ಮ್ಯೂಕೋಪಾಲಿಸ್ಯಾಕರಿಡೋಸಿಸ್ ಎಂಬ ಉದ್ದ ಹೆಸರಿನ ಗುಂಪು. ಅದರಲ್ಲೂ ಹಲವು ಬಗೆ. ನಾಯಿಯಲ್ಲಿ ಏಳನೆಯ ಬಗೆಯನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 1984ರಲ್ಲಿ ಪ್ರಕಟಿಸಿದ್ದರು. ಇಂಥದ್ದೇ ಬಗೆ ಅಂತ ಬೆರಳಿಟ್ಟು ಹೇಳಬೇಕಾದರೆ ನಾಲ್ಕನೆಯ ಮೆಟ್ಟಿಲು ಹತ್ತಬೇಕು. ಅದು ಕಿಣ್ವದ ಅಳತೆ. ಬಿಳಿ ರಕ್ತಕಣ ಬೇರ್ಪಡಿಸಿ ಅದರಲ್ಲಿ ಯಾವ ಕಿಣ್ವ ಎಷ್ಟಿದೆ ಅಂತ ಅಳೆಯುವುದು. ರಕ್ತ ತಣ್ಣಗಿರಬೇಕು, ತಡವಾಗದೆ ತಲುಪಬೇಕು, ಗಟ್ಟಿ ನಾಯಿಯ ರಕ್ತವೂ ಜೊತೆಗೆ ಹೋಗಬೇಕು. ಇಲ್ಲದಿದ್ದರೆ ದಾರಿಯಲ್ಲಿ ಹಾಳಾದ ಕಿಣ್ವವನ್ನು ಹುಟ್ಟಿನಲ್ಲೇ ಇಲ್ಲ ಅಂತ ಓದುವ ಅಪಾಯ.

ಕೊನೆಯದು ಡಿಎನ್‌ಎ ಪರೀಕ್ಷೆ. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿದರೂ ಸಾಕು, ಸ್ವಲ್ಪ ರಕ್ತವಾದರೂ ಆದೀತು. ಇದು ಎಲ್ಲಕ್ಕಿಂತ ಖಚಿತ. ಆದರೆ ಒಂದು ಮಾತು. ಡಿಎನ್‌ಎ ಪರೀಕ್ಷೆ ತಾನು ಹುಡುಕಲು ಹೊರಟ ತಪ್ಪನ್ನು ಮಾತ್ರ ಹುಡುಕುತ್ತದೆ. ಬಾರ್ಡರ್ ಕೋಲಿಯ ತಪ್ಪು ಯಾವ ಜಾಗದಲ್ಲಿದೆ ಎಂಬುದನ್ನು ಆಸ್ಟ್ರೇಲಿಯಾದವರು 2005ರಲ್ಲಿ ಪ್ರಕಟಿಸಿದ್ದಾರೆ, ಆ ತಳಿಗೆ ಆ ಪರೀಕ್ಷೆ ಸರಿ. ಅದನ್ನೇ ನಮ್ಮ ಬೆರಕೆ ನಾಯಿಗೆ ಮಾಡಿ “ಇಲ್ಲ” ಅಂತ ಬಂದರೆ ರೋಗವೇ ಇಲ್ಲ ಅಂತ ಅರ್ಥವಲ್ಲ. ಪೆಟ್ಟಿಗೆಯ ಬೀಗ ಬೇರೆ ಇರಬಹುದು. ತಳಿ ಗೊತ್ತಿಲ್ಲದಲ್ಲಿ ಮೊದಲು ರೋಗದ ಲಕ್ಷಣ, ರಕ್ತ, ಮೂತ್ರ, ಕಿಣ್ವ. ಆಮೇಲೆ ಡಿಎನ್‌ಎ.

ನಾವು ಮೂರನೇ ಮೆಟ್ಟಿಲಲ್ಲಿ ನಿಂತೆವು. ಮರಿ ಆಗಲೇ ಏಳಲಾರದೆ ಮಲಗಿದಲ್ಲೇ ಇತ್ತು, ಬೆನ್ನಲ್ಲಿ ಹುಣ್ಣು ಶುರುವಾಗಿತ್ತು. ಗುಣವಾಗುವುದಿಲ್ಲ ಅಂತ ಖಚಿತವಾದ ಮೇಲೆ ನೋಯಿಸುವುದು ಬೇಡ ಅಂತ ಇಬ್ಬರೂ ಒಪ್ಪಿ ಇಂಜೆಕ್ಷನ್ ಕೊಡಿಸಿದೆವು. ಡಾಕ್ಟರಮ್ಮ ಕೇಳಿಕೊಂಡ ಕಾರಣ, ಮರಿಯ ಲಿವರ್ ಮತ್ತು ಮಿದುಳಿನ ತುಂಡನ್ನು ಫಾರ್ಮಾಲಿನ್‌ನಲ್ಲಿ ಹಾಕಿ ಪಶುವೈದ್ಯ ಕಾಲೇಜಿಗೆ ಕಳುಹಿಸಿದೆವು. ಕೋಶಗಳೆಲ್ಲ ಗುಳ್ಳೆಗುಳ್ಳೆಯಾಗಿ ಉಬ್ಬಿವೆ ಎಂದು ಅಲ್ಲಿಂದ ಬಂದ ಕಾಗದ ಹೇಳಿತು.

ಇಲ್ಲೊಂದು ವಿಷಯ. ಮೊದಲ ಎರಡು ಮರಿಗಳನ್ನು ನಾನು ತೆಂಗಿನ ಬುಡಕ್ಕೆ ಹಾಕಿ ಮುಚ್ಚಿದ್ದೆ. ಅವತ್ತೇ ಒಂದನ್ನು ಆಸ್ಪತ್ರೆಗೆ ಒಯ್ದಿದ್ದರೆ ಎರಡು ವರ್ಷದ ಮುನಿಸು ಇರುತ್ತಿರಲಿಲ್ಲ. ಸತ್ತ ಪ್ರಾಣಿಯೂ ಸಾಕ್ಷಿ ಹೇಳುತ್ತದೆ. ತಡಮಾಡಬಾರದು, ತಂಪಿನಲ್ಲಿ ಇಡಬೇಕು, ಮಂಜುಗಡ್ಡೆಯಾಗಲು ಬಿಡಬಾರದು.

ರೋಗ ಇರುವುದು ಎಲ್ಲಿ?

ಇನ್ನು ರಾಣಿ ಮತ್ತು ಕಾಳು. ಎರಡೂ ಗಟ್ಟಿ ನಾಯಿಗಳು. ಹಾಗಾದರೆ ಮರಿಗೆ ರೋಗ ಎಲ್ಲಿಂದ ಬಂತು?

ಪ್ರತಿ ಕಿಣ್ವಕ್ಕೂ ಎರಡು ಚೀಟಿ. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಒಂದು ಚೀಟಿ ತಪ್ಪಾಗಿದ್ದರೂ ಇನ್ನೊಂದರ ಬಲದಲ್ಲಿ ಕೆಲಸ ನಡೆಯುತ್ತದೆ. ಕಿಣ್ವ ಅರ್ಧ ಇದ್ದರೂ ಗುಂಡಿ ಕರಗುತ್ತದೆ. ಅಂಥ ಪ್ರಾಣಿ ವಾಹಕ. ನೋಡಿದರೆ ತಿಳಿಯುವುದಿಲ್ಲ, ಸಾಯುವ ತನಕ ತಿಳಿಯುವುದಿಲ್ಲ. ಎರಡು ವಾಹಕಗಳು ಕೂಡಿದಾಗ ಪ್ರತಿ ಮರಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ತಪ್ಪು ಚೀಟಿ ಬರುವ ಸಂಭವ. ಎರಡು ಪಾಲು ವಾಹಕ ಆಗುವ ಸಂಭವ. ಒಂದು ಪಾಲು ಪೂರ್ತಿ ಶುದ್ಧ.

ಇದು ನಾಣ್ಯ ಚಿಮ್ಮಿದ ಹಾಗೆ. ನಾಲ್ಕು ಮರಿ ಹುಟ್ಟಿದರೆ ಒಂದು ಸಾಯಲೇಬೇಕೆಂದಿಲ್ಲ. ನಮ್ಮಲ್ಲಿ ಎರಡು ಸೂಲಿನ ಹನ್ನೊಂದರಲ್ಲಿ ಮೂರು. ರಾಣಿ ವಾಹಕ. 2015ರಲ್ಲಿ ಅದಕ್ಕೆ ಸಿಕ್ಕಿದ ಗಂಡು ಶುದ್ಧ ಇದ್ದಿರಬೇಕು, ಮರಿಗಳೆಲ್ಲ ಬದುಕಿದವು. ಆದರೆ ಅವುಗಳಲ್ಲಿ ಸುಮಾರು ಅರ್ಧಕ್ಕೆ ರಾಣಿಯ ತಪ್ಪು ಚೀಟಿ ಹೋಗುವ ಸಂಭವ. ಕಾಳು ಅದನ್ನು ಹೊತ್ತುಕೊಂಡು ಸಂಕ ದಾಟಿ ವಾಪಸು ಬಂತು. ಹೊರಗಿನ ನಾಯಿಯಲ್ಲಿ ಅದೇ ತಪ್ಪು ಚೀಟಿ ಇರುವುದು ಅಪರೂಪ. ಸ್ವಂತ ಮಗನಲ್ಲಿ ಇರುವುದು ಎರಡಕ್ಕೆ ಒಂದು. ಹತ್ತಿರದ ರಕ್ತ ಕೂಡಬಾರದು ಅಂತ ಹಿರಿಯರು ಹೇಳುತ್ತಿದ್ದದರ ಲೆಕ್ಕ ಇಷ್ಟೇ.

ಬದುಕಿ ಉಳಿದ ಎಂಟು ಮರಿಗಳ ಕಥೆ? ಅವು ಗಟ್ಟಿ ಇವೆ ಅಂತ ಸಮಾಧಾನಪಡುವ ಹಾಗಿಲ್ಲ. ರೋಗ ಬಂದ ಪಾಲನ್ನು ಬಿಟ್ಟರೆ ಉಳಿದ ಮೂರು ಪಾಲಿನಲ್ಲಿ ಎರಡು ಪಾಲು ವಾಹಕ. ಅಂದರೆ ನಾನು ಊರಲ್ಲಿ ಹಂಚಿದ ಪ್ರತಿ ಮರಿಯೂ ಮೂರರಲ್ಲಿ ಎರಡು ಪಾಲು ವಾಹಕ ಆಗಿರುವ ಸಂಭವ. ರೋಗ ಸತ್ತ ಮರಿಯಲ್ಲಿ ಮುಗಿದಿರಲಿಲ್ಲ. ಬಾಲ ಆಡಿಸಿಕೊಂಡು ಎಂಟು ಮನೆಯಲ್ಲಿ ಕುಳಿತಿತ್ತು.

ಸಂಕ ದಾಟಿದ್ದು

ಆ ಸಂಜೆ ಎರಡು ವರ್ಷದ ನಂತರ ನಾನು ಸಂಕ ದಾಟಿದೆ. ಭಾವ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಕಾಳು ಬೊಗಳಲಿಲ್ಲ, ನನ್ನ ಕಾಲು ಮೂಸಿ ಪಕ್ಕದಲ್ಲಿ ಕುಳಿತಿತು.

ಕಾಗದ ತೋರಿಸಿ ಎಲ್ಲ ಹೇಳಿದೆ. ಸೊಸೈಟಿಯಲ್ಲಿ ಆಡಿದ ಮಾತು ತಪ್ಪು ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಮಾತು ನೀವು ಹತ್ತು ಜನರ ಎದುರು ಹೇಳಿದ್ದು. ಇದನ್ನೂ ಅಲ್ಲೇ ಹೇಳಿ ಭಾವ” ಅಂದರು. ನ್ಯಾಯದ ಮಾತು. ಮರುದಿನ ಬೆಳಗ್ಗೆ ಹಾಲು ಅಳೆಯುವ ಹೊತ್ತಿಗೆ ಸೊಸೈಟಿಯಲ್ಲಿ ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು.

ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿತ್ತು. ಮರಿ ಕೊಟ್ಟ ಎಂಟು ಮನೆಗೂ ಹೋಗಿ ತಿಳಿಸುವುದು. “ನಿಮ್ಮ ನಾಯಿಗೆ ಏನೂ ಆಗುವುದಿಲ್ಲ, ಅದರ ಆಯುಷ್ಯಕ್ಕೆ ತೊಂದರೆ ಇಲ್ಲ. ಆದರೆ ಅದರಿಂದ ಮರಿ ಮಾಡಿಸಬೇಡಿ.” ಹೆಚ್ಚಿನವರು ಅರ್ಥ ಮಾಡಿಕೊಂಡರು. ಒಬ್ಬರು ಮಾತ್ರ ಹೆಣ್ಣುನಾಯಿಗೆ ಪೇಟೆಯಿಂದ ಆಲ್ಸೇಶಿಯನ್ ಗಂಡು ತರಿಸಿ ಮರಿ ಮಾರುವ ಅಂದಾಜಿನಲ್ಲಿದ್ದರು. “ನೀವು ದಾನ ಕೊಟ್ಟ ಮೇಲೆ ಹೀಗೆ ಹೇಳುವುದಾ?” ಅಂದರು. ಅವರಿಗೆ ಅರ್ಥ ಮಾಡಿಸಲು ಮೂರು ಸಲ ಹೋಗಬೇಕಾಯಿತು. ರಾಣಿಗೂ ಕಾಳುವಿಗೂ ಆಪರೇಷನ್ ಮಾಡಿಸಿದೆವು. ಖರ್ಚು ಎರಡು ಮನೆಯವರೂ ಹಂಚಿಕೊಂಡೆವು. ಆಪರೇಷನ್ ಆದ ಮೇಲೂ ರಾಣಿ ಮಂಗ ಓಡಿಸಿತು, ವರ್ಷಗಟ್ಟಲೆ.

ದೂರದ ರೈತರು ಮಾಡಿದ್ದು

ಇದು ನಾಯಿ ಸಾಕುವವರ ಹವ್ಯಾಸದ ಮಾತು ಅಂತ ಯಾರೂ ತಿಳಿಯಬಾರದು. ನ್ಯೂಜಿಲೆಂಡಿನಲ್ಲಿ ಆಂಗಸ್ ಎಂಬ ಮಾಂಸದ ದನದ ತಳಿ ಇದೆ. ಅದರ ಕರುಗಳು ತಲೆ ಅಲ್ಲಾಡಿಸುತ್ತ, ತೂರಾಡುತ್ತ, ಸೊರಗಿ ಸಾಯುತ್ತಿದ್ದವು. ಮ್ಯಾಸಿ ವಿಶ್ವವಿದ್ಯಾಲಯದ ರಾಬರ್ಟ್ ಜಾಲಿ ಮತ್ತು ಜೊತೆಯವರು 1970ರ ದಶಕದ ಆರಂಭದಲ್ಲಿ ಅದೂ ಇಂಥದೇ ರೋಗ, ಮ್ಯಾನೋಸಿಡೇಸ್ ಎಂಬ ಕಿಣ್ವದ ಕೊರತೆ ಅಂತ ತೋರಿಸಿದರು. ಆಗ ಅಲ್ಲಿ ಹತ್ತು ಆಂಗಸ್ ದನದಲ್ಲಿ ಸುಮಾರು ಒಂದು ವಾಹಕ ಆಗಿತ್ತು.

ಅವರು ಮಾಡಿದ ಕೆಲಸ ನೋಡಿ. ವಾಹಕ ದನದ ರಕ್ತದಲ್ಲಿ ಆ ಕಿಣ್ವ ಸುಮಾರು ಅರ್ಧ ಇರುತ್ತದಲ್ಲ, ಅದನ್ನೇ ಹಿಡಿದುಕೊಂಡು ಹೋರಿ ಬೆಳೆಸುವ ಮಂದೆಗಳಲ್ಲಿ ರಕ್ತ ಪರೀಕ್ಷೆ ಶುರು ಮಾಡಿದರು. ವಾಹಕ ಹೋರಿಯನ್ನು ತಳಿಗೆ ಬಿಡಲಿಲ್ಲ. ಮೇಲಿನ ಒರತೆ ತಿಳಿಯಾದರೆ ಕೆಳಗಿನ ತೋಡು ತಾನಾಗಿ ತಿಳಿಯಾಗುತ್ತದೆ. ಮುಂದೆ ಅದೇ ಜಾಲಿಯವರು ಹಂಟ್‌ಅವೇ ಎಂಬ ಅಲ್ಲಿನ ರೈತರ ಕೆಲಸದ ನಾಯಿಯಲ್ಲಿ ಇನ್ನೊಂದು ಬಗೆಯನ್ನು ಪತ್ತೆಮಾಡಿ 2000ದಲ್ಲಿ ಪ್ರಕಟಿಸಿದರು. ದೊಡ್ಡ ದನಿಯಲ್ಲಿ ಬೊಗಳಿ ಗುಡ್ಡದಿಂದ ಕುರಿ ಇಳಿಸುವ ನಾಯಿ ಅದು. ನಮ್ಮ ಮರಿಯದ್ದು ಇದೇ ಮನೆತನ, ಆದರೆ ಹಂಟ್‌ಅವೇಯ ಬಗೆ ಮಿದುಳನ್ನೇ ಮುಖ್ಯವಾಗಿ ಹಿಡಿಯುವಂಥದ್ದು. ಎರಡು ವರ್ಷದಲ್ಲಿ ಅದರ ಡಿಎನ್‌ಎ ತಪ್ಪೂ ಗೊತ್ತಾಯಿತು.

ಈ ನಾಯಿಗಳಿಂದ ಮಕ್ಕಳಿಗೂ ಉಪಕಾರವಾಗಿದೆ. ಇದೇ ರೋಗಗಳು ಮನುಷ್ಯರ ಮಕ್ಕಳಿಗೂ ಬರುತ್ತವೆ. ಡ್ಯಾಶ್‌ಹಂಡ್ ನಾಯಿಗಳಲ್ಲಿ ಪ್ರಯೋಗ ಮಾಡಿ ನೋಡಿದ ಒಂದು ಕಿಣ್ವದ ಔಷಧಿಗೆ 2017ರಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ಬಳಸಲು ಅನುಮತಿ ಸಿಕ್ಕಿತು. ಆದರೆ ನಮ್ಮ ನಾಯಿಗೆ ಅಂಥ ಚಿಕಿತ್ಸೆ ಕೈಗೆಟಕುವ ಮಾತಲ್ಲ. ನಮಗೆ ಇರುವ ಮದ್ದು ಒಂದೇ. ವಾಹಕಗಳು ಒಂದಕ್ಕೊಂದು ಕೂಡದಂತೆ ನೋಡಿಕೊಳ್ಳುವುದು.

ನಮ್ಮ ಹಟ್ಟಿಗೆ ಇದರ ಪಾಠ

ಎಚ್.ಎಫ್. ದನಗಳಲ್ಲಿ ಬ್ಲ್ಯಾಡ್ ಎಂಬ ಬೇರೆ ಒಂದು ವಂಶರೋಗ ಇದೆ. ಗುಂಡಿ ತುಂಬುವ ರೋಗ ಅಲ್ಲ, ಆದರೆ ಬರುವ ದಾರಿ ಅದೇ, ಎರಡು ತಪ್ಪು ಚೀಟಿ. ಒಂದು ಹೋರಿಯ ವೀರ್ಯ ಲೋಕವೆಲ್ಲ ಹೋದರೆ ಅದರ ತಪ್ಪು ಚೀಟಿಯೂ ಹೋಗುತ್ತದೆ. ಅದಕ್ಕೇ ನಮ್ಮ ದೇಶದ ವೀರ್ಯ ಕೇಂದ್ರಗಳಲ್ಲಿ ಹೋರಿಗಳಿಗೆ ಇಂಥ ಕೆಲವು ವಂಶರೋಗಗಳ ಪರೀಕ್ಷೆ ಮಾಡಬೇಕೆಂಬ ನಿಯಮ ಇದೆ. ಆದರೆ ಊರಿನಲ್ಲಿ ಬಿಟ್ಟಿರುವ ಗೂಳಿಗೆ, ಹತ್ತು ಮನೆಗೆ ಒಂದೇ ಇರುವ ಹೋತಕ್ಕೆ ಯಾರೂ ಪರೀಕ್ಷೆ ಮಾಡಿಲ್ಲ. ಆ ಹೋತ ತನ್ನ ಮಗಳಿಗೂ ಮೊಮ್ಮಗಳಿಗೂ ಹಾರುತ್ತದೆ. ಮರಿ ಸತ್ತರೆ ನಾವು ದೃಷ್ಟಿ ಅಂತಲೋ ವಿಷ ಅಂತಲೋ ಹೇಳುತ್ತೇವೆ.

ಮುಧೋಳ ನಾಯಿಯಂಥ ನಮ್ಮದೇ ತಳಿಯನ್ನು ಸಾಕಿ ಮಾರುವವರು ಈಗ ಹೆಚ್ಚಾಗಿದ್ದಾರೆ. ಅವರ ನಾಯಿಯಲ್ಲಿ ಈ ರೋಗ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಶುದ್ಧ ತಳಿ ಬೇಕು ಅಂತ ಕೆಲವೇ ನಾಯಿಗಳನ್ನು ತಿರುಗಿಸಿ ತಿರುಗಿಸಿ ಕೂಡಿಸಿದಲ್ಲೆಲ್ಲ ಅಡಗಿದ ತಪ್ಪು ಮೇಲೆ ಬರುತ್ತದೆ. ವಂಶಾವಳಿ ಬರೆದಿಡುವುದು ಅದಕ್ಕೆ ಕಾವಲು.

ನಾನು ಈಗ ಮಾಡುವ ಕ್ರಮ ಹೀಗಿದೆ. ಖರ್ಚಿಲ್ಲದ್ದು, ಯಾರೂ ಮಾಡಬಹುದು.

ಒಂದು, ಹಟ್ಟಿಯ ಗೋಡೆಗೆ ಒಂದು ಪುಸ್ತಕ ತೂಗುಹಾಕಿದ್ದೇನೆ. ದನ, ಆಡು, ನಾಯಿ ಯಾವುದು ಬೆದೆಗೆ ಬಂದದ್ದು ಯಾವಾಗ, ಕೂಡಿದ್ದು ಯಾವುದರ ಜೊತೆ, ಹುಟ್ಟಿದ್ದು ಎಷ್ಟು, ಸತ್ತದ್ದು ಎಷ್ಟು, ಸಾಯುವ ಮೊದಲು ಲಕ್ಷಣ ಏನು, ಯಾರಿಗೆ ಕೊಟ್ಟೆ. ವೀರ್ಯದ ಕಡ್ಡಿಯಲ್ಲಿರುವ ಹೋರಿ ನಂಬರನ್ನೂ ಬರೆಯುತ್ತೇನೆ.

ಎರಡು, ಒಂದೇ ಜೋಡಿಗೆ ಎರಡು ಸೂಲಿನಲ್ಲಿ ಒಂದೇ ಬಗೆಯ ಮರಿ ಹಾಳಾದರೆ ಆ ಜೋಡಿಯನ್ನು ಮತ್ತೆ ಕೂಡಿಸುವುದಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಗಟ್ಟಿ ಮರಿಯನ್ನೂ ಒಯ್ಯುತ್ತೇನೆ.

ಮೂರು, ಅಪ್ಪ ಮಗಳು, ತಾಯಿ ಮಗ, ಒಡಹುಟ್ಟಿದ್ದು, ಇವನ್ನು ಕೂಡಲು ಬಿಡುವುದಿಲ್ಲ. ಹೋತವನ್ನು ದೂರದ ಊರಿನವರ ಜೊತೆ ಬದಲಿ ಮಾಡಿಕೊಳ್ಳುತ್ತೇವೆ.

ನಾಲ್ಕು, ಹಿಂಗಾಲು ಸೋತ ಮರಿ ಎಲ್ಲ ಈ ರೋಗದ್ದಲ್ಲ. ಹೆಚ್ಚಿನವು ಡಿಸ್ಟೆಂಪರ್, ಪೆಟ್ಟು, ಆಹಾರದ ಕೊರತೆಯೇ ಇರುತ್ತವೆ. ಲಸಿಕೆ, ಜಂತುಹುಳದ ಮದ್ದು, ಒಳ್ಳೆ ಆಹಾರ ಮೊದಲು. ಅಪರೂಪದ ರೋಗದ ನೆನಪು ಆಮೇಲೆ.

ಐದನೆಯದನ್ನು ನಾನು ನನಗೇ ಹೇಳಿಕೊಳ್ಳುವುದು. ಪಕ್ಕದವರ ಮೇಲೆ ಬಾಯಿ ಬಿಡುವ ಮೊದಲು ಒಂದು ಸಲ ಆಸ್ಪತ್ರೆಗೆ ಹೋಗಬೇಕು.

ಕಾಳುವಿಗೆ ವಯಸ್ಸಾದ ಮೇಲೆ ಭಾವ ಹೊಸ ಮರಿ ತಂದರು. ತರುವ ಮೊದಲು ನನ್ನನ್ನು ಕರೆದುಕೊಂಡು ಹೋಗಿ, ಮರಿ ಮಾರುವವನ ಹತ್ತಿರ ಮೊದಲು ಕೇಳಿದ ಪ್ರಶ್ನೆ, “ಇದರ ಅಪ್ಪ ಯಾರು?” ಅವನೂ ನನ್ನ ಹಾಗೆಯೇ ನಕ್ಕ. ನಾವು ಆ ಮರಿ ತರಲಿಲ್ಲ. ಉತ್ತರ ಹೇಳಬಲ್ಲ ಇನ್ನೊಬ್ಬರ ಮನೆಯಿಂದ ತಂದೆವು.

ನಿಮ್ಮಲ್ಲೂ ಒಂದೇ ಜೋಡಿಯ ಮರಿ, ಕರು, ಆಡಿನ ಮರಿ ಹೀಗೆ ಪುನಃ ಪುನಃ ಹಾಳಾದದ್ದಿದ್ದರೆ ಪತ್ರಿಕೆಗೆ ಬರೆಯಿರಿ. ಒಬ್ಬರಿಗೆ ಕಾಣದ್ದು ಹತ್ತು ಜನರ ಅನುಭವ ಸೇರಿದಾಗ ಕಾಣಬಹುದು.